ಸೈಕಲ್ಲಿನ ಬಿಬಿ ಕಪ್ ಬಿಚ್ಚುವುದು, ಕೂಡಿಸುವುದು: ಮನೆಯಲ್ಲೇ ಮಾಡುವ ಬಗೆ

ಮೊದಲ ಸಲ ಬಿಬಿಯ, ಅಂದರೆ ಪೆಡಲಿನ ಆಕ್ಸಲ್ ಕೂರುವ ಭಾಗದ, ಬಲಗಡೆಯ ಕಪ್ ಬಿಚ್ಚಲು ಕುಳಿತಾಗ ನಾನು ಮುಕ್ಕಾಲು ಗಂಟೆ ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಸ್ಪ್ಯಾನರಿನ ಬಾಲಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತದ್ದೂ ಆಯಿತು. ಕಪ್ ಜಪ್ಪಯ್ಯ ಎನ್ನಲಿಲ್ಲ. ಅದರ ಅಂಚಿನಲ್ಲಿದ್ದ ಎರಡು ಚಪ್ಪಟೆ ಮುಖಗಳು ಮಾತ್ರ ಸವೆದು ಗುಂಡಗಾದವು. ತುಕ್ಕು ಹಿಡಿದಿದೆ ಎಂದು ಬೈದುಕೊಂಡೆ. ತುಕ್ಕಿನ ತಪ್ಪೇನೂ ಇರಲಿಲ್ಲ. ಆ ಕಪ್ಪಿಗೆ ಇದ್ದದ್ದು ಎಡ ಥ್ರೆಡ್, ಅಂದರೆ ಉಳಿದ ಬೋಲ್ಟುಗಳಿಗೆ ತಿರುಗಾಮುರುಗಾ. ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ದಿಕ್ಕಿನ ವಿಚಾರವನ್ನು ಮುಗಿಸಿಬಿಡೋಣ.

ಯಾವ ಕಡೆಗೆ ತಿರುಗಿಸಬೇಕು

ಪೆಡಲಿನ ಕ್ರ್ಯಾಂಕುಗಳನ್ನು, ಅಂದರೆ ಪೆಡಲ್ ಸಿಕ್ಕಿಸಿದ ತೋಳುಗಳನ್ನು, ಹೊತ್ತ ಆಕ್ಸಲ್ ಫ್ರೇಮಿನ ಅಡಿಯಲ್ಲಿರುವ ಅಡ್ಡ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಯ ಎರಡು ಬಾಯಿಗಳಿಗೆ ತಿರುಪಿ ಕೂರಿಸಿದ ಬೇರಿಂಗ್ ಬಟ್ಟಲುಗಳೇ ಕಪ್‌ಗಳು. ಕಪ್, ಆಕ್ಸಲ್, ಗುಂಡುಗಳು ಎಲ್ಲ ಸೇರಿ ಬಾಟಮ್ ಬ್ರಾಕೆಟ್, ಚಿಕ್ಕದಾಗಿ ಬಿಬಿ. ಥ್ರೆಡ್ ಇರುವ ಬಿಬಿಗಳಲ್ಲಿ ಹೆಚ್ಚಾಗಿ ಕಾಣುವುದು ಬಿಎಸ್‌ಎ ಎನ್ನುವ ಇಂಗ್ಲಿಷ್ ಅಳತೆ: 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಇದರಲ್ಲಿ ಎಡಗಡೆಯ ಕಪ್ ಎಲ್ಲ ಬೋಲ್ಟುಗಳಂತೆ ಅಪ್ರದಕ್ಷಿಣವಾಗಿ ಬಿಚ್ಚುತ್ತದೆ. ಚೈನ್ ಇರುವ ಬಲಗಡೆಯದು ಪ್ರದಕ್ಷಿಣವಾಗಿ ಬಿಚ್ಚುತ್ತದೆ.

ಇದನ್ನು ಎಡ, ಬಲ, ಪ್ರದಕ್ಷಿಣೆ ಎಂದು ಬಾಯಿಪಾಠ ಮಾಡಲು ಹೋದರೆ ಸೈಕಲ್ ತಲೆಕೆಳಗಾದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ನಾನು ಇಟ್ಟುಕೊಂಡಿರುವ ಗುರುತು ಬೇರೆ. ಸೈಕಲ್ ಮುಂದೆ ಹೋಗುವಾಗ ಚಕ್ರ ಯಾವ ಕಡೆಗೆ ಉರುಳುತ್ತದೋ ಆ ಕಡೆಗೆ ತಿರುಗಿಸಿದರೆ ಎರಡೂ ಕಪ್ ಬಿಚ್ಚುತ್ತವೆ, ಹಿಂದಕ್ಕೆ ತಿರುಗಿಸಿದರೆ ಎರಡೂ ಬಿಗಿಯುತ್ತವೆ. ಯಾವ ಬದಿಯಲ್ಲಿ ನಿಂತರೂ, ಸೈಕಲ್ಲನ್ನು ಹೇಗೆ ಮಲಗಿಸಿದರೂ ಇದು ಬದಲಾಗುವುದಿಲ್ಲ.

ಪೆಡಲ್ ತುಳಿದಂತೆ ಕಪ್ ತಾನಾಗಿಯೇ ಬಿಚ್ಚಿಕೊಳ್ಳುವುದಿಲ್ಲವೇ ಎಂಬ ಅನುಮಾನ ಬರಬಹುದು. ಆಗುವುದು ಅದಕ್ಕೆ ವಿರುದ್ಧ. ಎಡಗೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಸಡಿಲವಾದ ಬಳೆಯಂತೆ ಮಾಡಿ, ಅದರಲ್ಲಿ ಪೆನ್ಸಿಲ್ ನಿಲ್ಲಿಸಿ, ಪೆನ್ಸಿಲ್ ಬಳೆಯ ಒಳಬದಿಗೆ ಒತ್ತಿಕೊಂಡೇ ಇರುವಂತೆ ಅದರ ತುದಿಯನ್ನು ಸುತ್ತಿಸಿ ನೋಡಿ. ನೀವು ಸುತ್ತಿಸುವ ದಿಕ್ಕಿಗೆ ಎದುರಾಗಿ ಪೆನ್ಸಿಲ್ ಮೆಲ್ಲಗೆ ಹೊರಳುತ್ತದೆ. ಕೊಳವೆಯೊಳಗಿನ ಕಪ್ಪಿಗೂ ಇದೇ ಗತಿ: ಮೇಲಿನ ಭಾರ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆವಳಿಸುತ್ತಿರುತ್ತದೆ. ಬಲಗಡೆಗೆ ಎಡ ಥ್ರೆಡ್ ಕೊಟ್ಟದ್ದು ಇದಕ್ಕಾಗಿಯೇ.

ಎರಡೂ ಕಡೆ ಸಾಮಾನ್ಯ ಥ್ರೆಡ್ ಇರುವ ಇಟಲಿಯ ಅಳತೆ ಇದಕ್ಕೆ ಅಪವಾದ. ಅದರ ವ್ಯಾಸ 36 ಮಿ.ಮೀ., ಕೊಳವೆಯ ಅಗಲ 70 ಮಿ.ಮೀ. ಅದರ ಬಲ ಕಪ್ ದಾರಿಯಲ್ಲಿ ತಾನಾಗಿ ಸಡಿಲವಾಗುತ್ತದೆ ಎಂಬ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಫ್ರೆಂಚ್ ಸೈಕಲ್ಲುಗಳಲ್ಲಿ 35 ಮಿ.ಮೀ. ವ್ಯಾಸದ ಕಪ್‌ಗಳಿದ್ದವು, ಅಲ್ಲಿಯೂ ಎರಡು ಕಡೆ ಸಾಮಾನ್ಯ ಥ್ರೆಡ್. ಗುರುತಿಸಲು ಕಪ್ಪಿನ ಮುಖವನ್ನು ಉಜ್ಜಿ ಒರೆಸಿ. ಹಲವು ಕಪ್‌ಗಳ ಮೇಲೆ 1.37x24 ಅಥವಾ 36x24 ಎಂದು ಕೆತ್ತಿರುತ್ತಾರೆ. ಕೆತ್ತಿಲ್ಲದಿದ್ದರೆ ಕೊಳವೆಯ ಅಗಲ ಅಳೆಯಿರಿ: 68 ಅಥವಾ 73 ಮಿ.ಮೀ. ಬಂದರೆ ಸಾಮಾನ್ಯವಾಗಿ ಇಂಗ್ಲಿಷ್, ಸರಿಯಾಗಿ 70 ಬಂದರೆ ಇಟಲಿ. ಥ್ರೆಡ್ಡೇ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್ ಫಿಟ್ ಬಿಬಿಗಳ ಕೆಲಸವೇ ಬೇರೆ. ಇಲ್ಲಿ ಹೇಳುವುದು ಯಾವುದೂ ಅವಕ್ಕೆ ಹೊಂದುವುದಿಲ್ಲ.

ಬಿಚ್ಚಲೇಬೇಕೇ?

ತುಳಿದಾಗ ಕಟಕಟ ಎನ್ನುವುದೆಲ್ಲ ಬಿಬಿಯದಲ್ಲ. ಸೀಟಿನ ಕಂಬ, ಪೆಡಲ್, ಚೈನ್ ರಿಂಗಿನ ಬೋಲ್ಟು, ಯಾವುದರ ಸದ್ದಾದರೂ ಫ್ರೇಮಿನ ಕೊಳವೆಗಳಲ್ಲಿ ಹರಿದು ಕೆಳಗಿನಿಂದಲೇ ಬಂದಂತೆ ಕೇಳಿಸುತ್ತದೆ. ಚೈನನ್ನು ಮುಂದಿನ ಹಲ್ಲುಚಕ್ರದಿಂದ ಕೆಳಗಿಳಿಸಿ, ಕ್ರ್ಯಾಂಕಿನ ತೋಳನ್ನೇ ಹಿಡಿದು ಫ್ರೇಮಿನ ಕಡೆಗೆ ನೂಕಿ, ಎಳೆಯಿರಿ. ಪೆಡಲ್ ಹಿಡಿಯಬೇಡಿ, ಅದರ ಆಟವೂ ಸೇರಿಕೊಳ್ಳುತ್ತದೆ. ಒಂದು ತೋಳು ಅಲುಗಿದಾಗ ಆಚೆಯದೂ ಜೊತೆಗೆ ಅಲುಗಿದರೆ ಬೇರಿಂಗ್ ಸಡಿಲವಾಗಿದೆ. ಒಂದೇ ಅಲುಗಿದರೆ ಆ ಕ್ರ್ಯಾಂಕಿನ ಬೋಲ್ಟು ಬಿಗಿಯಬೇಕಷ್ಟೆ, ಬಿಬಿಯ ತಂಟೆ ಬೇಡ. ಆಮೇಲೆ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ. ಒಳಗೆ ಮರಳು ಅರೆದಂತೆ ಕೈಗೆ ತಾಗಿದರೆ ಬಿಚ್ಚುವ ಸಮಯ ಬಂದಿದೆ.

ಕ್ರ್ಯಾಂಕ್ ತೆಗೆಯುವುದು

ಕ್ರ್ಯಾಂಕನ್ನು ಆಕ್ಸಲ್ಲಿಗೆ ಬೆಣೆಯಂತೆ ಬಿಗಿಯುವ ಕಾಟರ್ ಪಿನ್ ಇರುವ ಹಳೆಯ ಮಾದರಿಯಲ್ಲಿ ನಟ್ಟನ್ನು ಪಿನ್ನಿನ ತುದಿಗೆ ಸಮವಾಗುವವರೆಗೆ ಮಾತ್ರ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗಿಳಿಯುವಷ್ಟು ಬಾಯಿ ಇರುವ ಕಬ್ಬಿಣದ ಪೈಪನ್ನು ನೆಲದಿಂದ ಆನಿಸಿ ನಿಲ್ಲಿಸಿ, ಭಾರದ ಸುತ್ತಿಗೆಯಿಂದ ಒಂದೇ ಏಟು ಕೊಡಿ. ಹತ್ತು ಸಣ್ಣ ಏಟು ಹಾಕಿದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಪೈಪಿನ ಆಸರೆ ಇಲ್ಲದೆ ಹೊಡೆದರೆ ಆ ಏಟೆಲ್ಲ ಬೇರಿಂಗಿಗೆ.

ಚೌಕ ತುದಿಯ ಆಕ್ಸಲ್ ಇದ್ದರೆ ಕ್ರ್ಯಾಂಕನ್ನು ಎಳೆದು ಕಳಚುವ ಕ್ರ್ಯಾಂಕ್ ಪುಲ್ಲರ್ ಬೇಕು. ನಡುವಿನ ಬೋಲ್ಟು ತೆಗೆದ ಮೇಲೆ ಒಳಗೆ ಬ್ಯಾಟರಿ ಬಿಟ್ಟು ನೋಡಿ: ವಾಷರ್ ಗ್ರೀಸಿಗೆ ಅಂಟಿಕೊಂಡು ಅಲ್ಲೇ ಉಳಿದಿದ್ದರೆ ಪುಲ್ಲರ್ ಆಕ್ಸಲ್ಲಿನ ಬದಲು ಅದನ್ನೇ ಒತ್ತುತ್ತದೆ. ಪುಲ್ಲರಿನ ಹೊರಗಿನ ಥ್ರೆಡ್ಡನ್ನು ಬೆರಳಿನಿಂದಲೇ ಕೊನೆಯವರೆಗೆ ಹತ್ತಿಸಿ. ಕ್ರ್ಯಾಂಕಿನ ಅಲ್ಯೂಮಿನಿಯಂ ಥ್ರೆಡ್ ಮೆತ್ತಗಿರುತ್ತದೆ. ಎರಡೇ ಸುತ್ತು ಹತ್ತಿಸಿ ಒಳಗಿನ ಬೋಲ್ಟು ತಿರುಗಿಸಿದರೆ ಅದು ಕಿತ್ತು ಬರುತ್ತದೆ, ಆಮೇಲೆ ಆ ಕ್ರ್ಯಾಂಕಿಗೆ ಪುಲ್ಲರ್ ಹಿಡಿಯುವುದಿಲ್ಲ.

ಟೊಳ್ಳು ಆಕ್ಸಲ್ ಬಲ ಕ್ರ್ಯಾಂಕಿಗೇ ಅಂಟಿಕೊಂಡಿರುವ ಹೊಸ ಮಾದರಿ ಎಲ್ಲಕ್ಕಿಂತ ಸುಲಭ. ಎಡ ಕ್ರ್ಯಾಂಕಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಸೀಳಿನಲ್ಲಿರುವ ಪುಟ್ಟ ತಡೆಪಟ್ಟಿಯನ್ನು ಮೇಲಕ್ಕೆತ್ತಿದರೆ ತೋಳು ಕೈಗೆ ಬರುತ್ತದೆ. ಆಕ್ಸಲ್ಲಿನ ತುದಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಬಲಕ್ಕೆ ಹೊರಡಿಸಿ.

ಎಡ ಕಪ್

ಎಡದಿಂದಲೇ ಶುರು ಮಾಡಿ. ಬಿಡಿ ಗುಂಡುಗಳ ಹಳೆಯ ಬಿಬಿಯಲ್ಲಿ ಎಡ ಕಪ್ಪಿನ ಮೇಲೆ ಕಚ್ಚು ಇರುವ ಲಾಕ್ ರಿಂಗ್ ಇರುತ್ತದೆ. ಅದಕ್ಕೆ ಕೊಕ್ಕೆ ಸ್ಪ್ಯಾನರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಂಡು ಉಳಿಯನ್ನು ಕಚ್ಚಿಗೆ ಓರೆಯಾಗಿ ಇಟ್ಟು ತಟ್ಟಿದರೂ ಬರುತ್ತದೆ, ರಿಂಗಿನ ಮೇಲೆ ಗಾಯ ಉಳಿಯುತ್ತದೆ ಅಷ್ಟೆ. ಕಪ್ ಹೊರಬರುವಾಗ ಗುಂಡುಗಳು ಉದುರುತ್ತವೆ. ಕೆಳಗೆ ಬಟ್ಟೆ ಹಾಸಿರಿ, ಬಂದವನ್ನು ಎಣಿಸಿಡಿ. ಸಾಮಾನ್ಯವಾಗಿ ಕಾಲು ಇಂಚಿನ ಗುಂಡುಗಳು, ಬಿಡಿಯಾಗಿದ್ದರೆ ಒಂದೊಂದು ಕಡೆಗೆ 11. ಆಕ್ಸಲ್ಲಿನ ಯಾವ ತುದಿ ಬಲಗಡೆ ಇತ್ತೆಂದು ಗುರುತು ಹಾಕಿಕೊಳ್ಳಿ, ಎರಡು ತುದಿಗಳ ಉದ್ದ ಒಂದೇ ಇರಬೇಕೆಂದಿಲ್ಲ.

ಆಕ್ಸಲ್, ಬೇರಿಂಗ್ ಎಲ್ಲ ಒಂದೇ ಮುಚ್ಚಿದ ತುಂಡಾಗಿ ಬರುವ ಕಾರ್ಟ್ರಿಜ್ ಮಾದರಿಗೆ ಒಳಹಲ್ಲುಗಳಿಗೆ ಕೂರುವ ಬಿಬಿ ಟೂಲ್ ಬೇಕು. ಶಿಮಾನೊ ಕಂಪನಿಯ ಮಾದರಿಯಲ್ಲಿ 20 ಹಲ್ಲು. ಈ ಹಲ್ಲುಗಳು ಗಿಡ್ಡ, ಮೇಲುಮೇಲೆ ಕಚ್ಚುವಂಥವು. ಕೈಯಲ್ಲಿ ಹಿಡಿದು ಜೋರು ಮಾಡಿದರೆ ಟೂಲ್ ಜಾರಿ ಹಲ್ಲುಗಳನ್ನು ಕೆತ್ತಿಹಾಕುತ್ತದೆ. ಒಮ್ಮೆ ಹಾಗಾದರೆ ಮುಂದಿನ ಪ್ರಯತ್ನಕ್ಕೆ ಹಿಡಿತವೇ ಇರುವುದಿಲ್ಲ, ಗೆಣ್ಣು ಕಿತ್ತುಕೊಳ್ಳುವುದು ಬೇರೆ. ಆದ್ದರಿಂದ ಟೂಲ್ ಕೂರಿಸಿ, ಅದರ ಮೇಲೆ ಅಗಲ ವಾಷರ್ ಇಟ್ಟು, ಕ್ರ್ಯಾಂಕಿನ ಬೋಲ್ಟನ್ನೇ ಆಕ್ಸಲ್ಲಿಗೆ ಬೆರಳ ಬಿಗಿಗೆ ಹಾಕಿ. ಈಗ ಟೂಲ್ ಹಿಂದೆ ಸರಿಯಲಾರದು, ತಿರುಗುವುದಕ್ಕೆ ಅಡ್ಡಿಯೂ ಇಲ್ಲ. ಕಪ್ ಅರ್ಧ ಸುತ್ತು ಬಂದ ಕೂಡಲೇ ಆ ಬೋಲ್ಟನ್ನು ಸಡಿಲಿಸಿ. ಕಪ್ ಹೊರಗೆ ಬರುತ್ತಿರುತ್ತದೆ, ಆಕ್ಸಲ್ ಅಲ್ಲೇ ಇರುತ್ತದೆ. ಮರೆತರೆ ಟೂಲ್ ನಡುವೆ ಸಿಕ್ಕಿ ಬಿಗಿದುಕೊಂಡು, ಕಪ್ ಮತ್ತೆ ಜಾಮ್ ಆಯಿತೆಂದು ನೀವು ಇನ್ನಷ್ಟು ಬಲ ಹಾಕುತ್ತೀರಿ.

ಹೊರಗಡೆ ಬೇರಿಂಗ್ ಇರುವ ಕಪ್‌ಗಳಿಗೆ 16 ಕಚ್ಚುಗಳ ರಿಂಗ್ ಸ್ಪ್ಯಾನರ್ ಇರುತ್ತದೆ. ಕಚ್ಚುಗಳು ದೊಡ್ಡವು, ಕಷ್ಟ ಕಡಿಮೆ. ಕಪ್ಪಿಗೂ ಫ್ರೇಮಿಗೂ ನಡುವೆ ತೆಳು ರಿಂಗುಗಳಿದ್ದರೆ ಯಾವ ಕಡೆ ಎಷ್ಟಿದ್ದವೆಂದು ಬರೆದಿಟ್ಟುಕೊಳ್ಳಿ. ಅದಲುಬದಲಾದರೆ ಚೈನಿನ ಸಾಲು ತಪ್ಪುತ್ತದೆ.

ಬಲ ಕಪ್: ಇಲ್ಲೇ ಬೆವರು ಸುರಿಯುವುದು

ಎಡ ಕಪ್ ಬಂದಮೇಲೆ ಕೊಳವೆ ಒಂದು ಕಡೆ ತೆರೆದಿರುತ್ತದೆ. ಸೈಕಲ್ಲನ್ನು ಬಲ ಮಗ್ಗುಲಿಗೆ ಮಲಗಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ತೆರೆದ ಬಾಯಿಯಿಂದ ಥ್ರೆಡ್ಡಿನ ಅಂಚಿಗೆ ಬಿಟ್ಟು ರಾತ್ರಿ ಹಾಗೇ ಬಿಡಿ. ಕಾರ್ಟ್ರಿಜ್ ಅಡ್ಡ ಇದ್ದರೂ ಅದರ ಸುತ್ತ ಎಣ್ಣೆ ಇಳಿಯಲು ಜಾಗವಿರುತ್ತದೆ. ಸೀಟಿನ ಕಂಬ ತೆಗೆದು ಆ ಕೊಳವೆಯಿಂದಲೂ ಇಳಿಸಬಹುದು. ಬೆಂಕಿ ಹಿಡಿದು ಕಾಯಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬಣ್ಣ ಸುಡುತ್ತದೆ, ಎಣ್ಣೆಗೆ ಬೆಂಕಿ ಹತ್ತುತ್ತದೆ. ಕಾರ್ಬನ್ ಫ್ರೇಮಿನ ಹತ್ತಿರವಂತೂ ಶಾಖ ಸುಳಿಯಲೇಬಾರದು.

ಬೆಳಗ್ಗೆ ಎದ್ದು ಮೊದಲು ಮಾಡಬೇಕಾದದ್ದು ದಿಕ್ಕನ್ನು ಮತ್ತೊಮ್ಮೆ ನೋಡುವುದು. ಚಕ್ರ ಮುಂದೆ ಉರುಳುವ ಕಡೆಗೆ. ಕಾರ್ಟ್ರಿಜ್ ಆದರೆ ಎಡದಲ್ಲಿ ಮಾಡಿದಂತೆ ಟೂಲನ್ನು ಬೋಲ್ಟಿನಿಂದ ಕಟ್ಟಿಹಾಕಿ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ. ಎರಡು ಚಕ್ರಗಳೂ ನೆಲದ ಮೇಲಿರಲಿ, ಯಾರಾದರೂ ಸೈಕಲ್ ಹಿಡಿದುಕೊಂಡಿರಲಿ. ಸ್ಪ್ಯಾನರಿನ ಹಿಡಿಯನ್ನು ಸೈಕಲ್ಲಿನ ಮುಂಭಾಗದ ಕಡೆಗೆ, ನೆಲಕ್ಕೆ ಸಮನಾಗಿ ಚಾಚಿಕೊಳ್ಳುವಂತೆ ಇಟ್ಟು ಕೆಳಕ್ಕೆ ಒತ್ತಿ. ಕೈ ಸಾಲದಿದ್ದರೆ ದೇಹದ ಭಾರವನ್ನು ನಿಧಾನವಾಗಿ ಬಿಡಿ. ಜಗ್ಗಿ ಜಗ್ಗಿ ಬಿಡುವುದಕ್ಕಿಂತ ಒಂದೇ ಸಮನೆ ಹೆಚ್ಚುವ ಒತ್ತಡಕ್ಕೆ ತುಕ್ಕು ಬೇಗ ಸೋಲುತ್ತದೆ. ‘ಟಕ್’ ಎಂದು ಒಂದು ಸದ್ದು ಬರುತ್ತದೆ, ಏನೋ ಮುರಿಯಿತೆಂದು ಎದೆ ಧಸಕ್ಕೆನ್ನುತ್ತದೆ. ಅದೇ ಕಪ್ ಬಿಟ್ಟ ಸದ್ದು.

ಬಿಡಿ ಗುಂಡುಗಳ ಬಿಬಿಯ ಬಲ ಕಪ್ ಎಲ್ಲಕ್ಕಿಂತ ಹಟಮಾರಿ. ಹಿಡಿಯಲು ಇರುವುದು 36 ಮಿ.ಮೀ. ಅಂತರದ ಎರಡು ಚಪ್ಪಟೆ ಮುಖಗಳು, ಅವೂ ಒಂದು ನಾಣ್ಯ ಎರಡು ನಾಣ್ಯದಷ್ಟು ದಪ್ಪ. ಮಾಮೂಲಿ ಸ್ಪ್ಯಾನರ್ ಜಾರಿಯೇ ಜಾರುತ್ತದೆ. ಇದಕ್ಕೆ ನಾನು ನಂಬುವ ಉಪಾಯ ಎರಡು.

ಗಟ್ಟಿ ಬೆಂಚ್ ವೈಸ್ ಇದ್ದರೆ ಚಕ್ರಗಳನ್ನು ತೆಗೆದು ಬರಿಯ ಫ್ರೇಮನ್ನು ಬಲ ಮಗ್ಗುಲು ಕೆಳಗಾಗಿ ಹಿಡಿದು, ಕಪ್ಪಿನ ಎರಡು ಚಪ್ಪಟೆಗಳನ್ನು ವೈಸಿನ ದವಡೆಗೆ ಕಚ್ಚಿಸಿ. ಈಗ ತಿರುಗಿಸಬೇಕಾದದ್ದು ಕಪ್ಪನ್ನಲ್ಲ, ಫ್ರೇಮನ್ನು. ಅಷ್ಟು ಉದ್ದದ ಸ್ಪ್ಯಾನರ್ ಇನ್ನೆಲ್ಲಿ ಸಿಕ್ಕೀತು? ಮೇಲಿನಿಂದ ನೋಡಿದಾಗ ಇಂಗ್ಲಿಷ್ ಥ್ರೆಡ್ಡಿನ ಫ್ರೇಮ್ ಪ್ರದಕ್ಷಿಣವಾಗಿ ತಿರುಗಬೇಕು. ಇಲ್ಲಿ ತಿರುಗುತ್ತಿರುವುದು ಫ್ರೇಮ್ ಆದ್ದರಿಂದ ಚಕ್ರದ ಗುರುತನ್ನು ಹಚ್ಚಲು ಹೋಗಬೇಡಿ, ಗೊಂದಲವಾಗುತ್ತದೆ.

ವೈಸ್ ಇಲ್ಲದವರಿಗೆ ಒಂದು ಬೋಲ್ಟು ಸಾಕು. ಕಪ್ಪಿನ ನಡುವಿನ ತೂತಿನಲ್ಲಿ ತೂರುವಷ್ಟು ದಪ್ಪನೆಯ ಬೋಲ್ಟು, ಎರಡು ಅಗಲ ವಾಷರ್, ಒಂದು ಸ್ಪ್ರಿಂಗ್ ವಾಷರ್, ಒಂದು ನಟ್ಟು. ಬೋಲ್ಟಿನ ತಲೆ ಹೊರಗೆ, ನಟ್ಟು ಕೊಳವೆಯ ಒಳಗೆ. ಎಡಬಾಯಿಯಿಂದ ಬಾಕ್ಸ್ ಸ್ಪ್ಯಾನರ್ ತೂರಿಸಿ ನಟ್ಟು ಹಿಡಿದುಕೊಂಡು ಹೊರಗಿನಿಂದ ಬೋಲ್ಟನ್ನು ಚೆನ್ನಾಗಿ ಬಿಗಿಯಿರಿ. ಈಗ ಕಪ್ಪೂ ಬೋಲ್ಟೂ ಒಂದೇ. ಒಳಗಿನ ಸ್ಪ್ಯಾನರ್ ತೆಗೆದು ಬೋಲ್ಟಿನ ತಲೆಯನ್ನು ಪ್ರದಕ್ಷಿಣವಾಗಿ ತಿರುಗಿಸುತ್ತಲೇ ಹೋಗಿ. ಇದರ ಸೊಗಸು ನೋಡಿ: ಬೋಲ್ಟು ಬಿಗಿಯುವ ದಿಕ್ಕೇ ಕಪ್ ಬಿಚ್ಚುವ ದಿಕ್ಕು. ಕಪ್ ಹಟ ಹಿಡಿದಷ್ಟೂ ಬೋಲ್ಟಿನ ಹಿಡಿತ ಹೆಚ್ಚುತ್ತದೆ, ಒಂದು ಹಂತದಲ್ಲಿ ಕಪ್ಪೇ ಸೋಲಬೇಕು. ನಾನು ಗುಂಡಗೆ ಮಾಡಿಟ್ಟಿದ್ದ ಆ ಕಪ್ ಕೊನೆಗೆ ಹೊರಬಂದದ್ದು ಹೀಗೆಯೇ. ಇಟಲಿ ಥ್ರೆಡ್ಡಿಗೆ ಈ ಉಪಾಯ ನಡೆಯುವುದಿಲ್ಲ, ಇಂಗ್ಲಿಷ್ ಕಪ್ ಮತ್ತೆ ಕೂಡಿಸುವಾಗಲೂ ನಡೆಯುವುದಿಲ್ಲ. ಆಗ ದಿಕ್ಕು ಎದುರಾಗಿ ಬೋಲ್ಟೇ ಸಡಿಲವಾಗುತ್ತದೆ.

ಒಳಗೆ ಏನಿದೆ

ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಚಿಂದಿ ಬಟ್ಟೆ. ಕೊಳವೆಯ ಥ್ರೆಡ್ಡನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಪೂರ್ತಿ ಒಣಗಿಸಿ. ಕೊಳವೆಯ ತಳದಲ್ಲಿ ನೀರು ಇಳಿಯುವ ತೂತಿದ್ದರೆ ಅದರಲ್ಲಿ ಕೂತ ಕೆಸರನ್ನು ತಂತಿಯಿಂದ ಬಿಡಿಸಿ.

ಹಳೆಯ ಕಪ್ಪುಗಳನ್ನೇ ಹಾಕುವುದಿದ್ದರೆ ಗುಂಡುಗಳು ಓಡಾಡಿದ ಜಾಡನ್ನು ಬೆಳಕಿಗೆ ಹಿಡಿದು ನೋಡಿ. ಬರಿಯ ಹೊಳಪಿನ ಗೆರೆ ಇದ್ದರೆ ಚಿಂತೆಯಿಲ್ಲ. ಬಾಲ್‌ಪೆನ್ನಿನ ಮೊನೆಯನ್ನು ಆ ಗೆರೆಯ ಮೇಲೆ ಎಳೆಯಿರಿ: ಎಲ್ಲಾದರೂ ತಡೆದರೆ ಅಲ್ಲಿ ಕುಳಿ ಬಿದ್ದಿದೆ, ಆ ಕಪ್ ಕೆಲಸಕ್ಕೆ ಬಾರದು. ಆಕ್ಸಲ್ಲಿನ ಜಾಡಿಗೂ ಇದೇ ಪರೀಕ್ಷೆ. ಗುಂಡುಗಳನ್ನು ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಹೊಸದನ್ನೂ ಹಳೆಯದನ್ನೂ ಬೆರೆಸುವುದು ಇನ್ನೂ ಕೆಟ್ಟದ್ದು, ದೊಡ್ಡ ಗುಂಡಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ಕೂಡಿಸುವುದು

ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿ. ಟೈಟಾನಿಯಂ ಫ್ರೇಮಿಗೆ ಗ್ರೀಸಿನ ಬದಲು ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್. ಕಪ್ಪಿನ ಮೇಲೆ ಬಲ ಎಡಕ್ಕೆ ಆರ್, ಎಲ್ ಅಕ್ಷರಗಳಿದ್ದರೆ ಅದರಂತೆ ಹಿಡಿಯಿರಿ. ಬಲ ಕಪ್ಪಿನಿಂದ ಶುರು. ಮೊದಲು ಕಪ್ಪನ್ನು ಬಾಯಿಗೆ ನೇರವಾಗಿ ಒತ್ತಿ ಹಿಡಿದು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಥ್ರೆಡ್ಡಿನ ತುದಿಗಳು ಎದುರಾದಾಗ ಕಪ್ ಒಂದು ಸಣ್ಣ ಮೆಟ್ಟಿಲಿಳಿದಂತೆ ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ತಾನಾಗಿ ಹತ್ತುತ್ತದೆ. ಮೂರು ನಾಲ್ಕು ಸುತ್ತು ಬರಿಗೈಯಲ್ಲೇ ಹೋಗಬೇಕು. ಹೋಗದಿದ್ದರೆ ಅಡ್ಡ ಹತ್ತಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ಇಲ್ಲಿ ಸ್ಪ್ಯಾನರ್ ಹಾಕಿ ‘ಸ್ವಲ್ಪ ಸಹಾಯ’ ಮಾಡಿದವರು ಫ್ರೇಮನ್ನೇ ಕಳೆದುಕೊಳ್ಳುತ್ತಾರೆ. ಕಪ್ ಹೋದರೆ ಹೊಸದು ಬರುತ್ತದೆ, ಕೊಳವೆಯ ಥ್ರೆಡ್ ಹೋದರೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಬಲ ಕಪ್ಪಿನ ಅಂಚು ಫ್ರೇಮಿಗೆ ಪೂರ್ತಿ ಒತ್ತಿ ಕೂರಲಿ. ಶಿಮಾನೊ ಕಾರ್ಟ್ರಿಜ್‌ಗಳಿಗೆ 50ರಿಂದ 70 ನ್ಯೂಟನ್ ಮೀಟರ್, ಹೊರಗಿನ ಕಪ್‌ಗಳಿಗೆ 35ರಿಂದ 50. ಈ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಸಾಕು. ಕಪ್ಪಿನ ನಡುವಿನಿಂದ 25 ಸೆಂ.ಮೀ. ದೂರದಲ್ಲಿ ಸ್ಪ್ಯಾನರಿನ ಹಿಡಿಗೆ ಕೊಕ್ಕೆ ಹಾಕಿ, ಹಿಡಿಗೆ ಲಂಬವಾಗಿ ಎಳೆಯಿರಿ. 20 ಕಿಲೋ ತೋರಿಸಿದಾಗ ಸುಮಾರು 49 ನ್ಯೂಟನ್ ಮೀಟರ್ ಆಯಿತು.

ಕಾರ್ಟ್ರಿಜ್ ಮತ್ತು ಹೊರಗಿನ ಕಪ್‌ಗಳಲ್ಲಿ ಎಡದ್ದನ್ನೂ ಹಾಗೇ ಬಿಗಿದರೆ ಮುಗಿಯಿತು. ಬಿಡಿ ಗುಂಡುಗಳ ಮಾದರಿಯಲ್ಲಿ ಕೈಚಳಕ ಬೇಕು. ಕಪ್ಪಿಗೆ ಗ್ರೀಸ್ ತುಂಬಿ ಗುಂಡುಗಳನ್ನು ಅದರಲ್ಲಿ ಹೂತು ಕೂರಿಸಿ. ಎಲ್ಲ ಕೂತಮೇಲೆ ಇನ್ನೊಂದು ಹಿಡಿಯದಷ್ಟು ಸಣ್ಣ ಸಂದು ಉಳಿಯಬೇಕು, ಒತ್ತಿ ತುರುಕಬಾರದು. ಕೊಳವೆಯೊಳಗೆ ಆಕ್ಸಲ್ಲನ್ನು ಸುತ್ತುವ ಪ್ಲಾಸ್ಟಿಕ್ ಕವಚ ಇದ್ದದ್ದಾದರೆ ಅದನ್ನು ಮರೆಯಬೇಡಿ. ಸೀಟಿನ ಕೊಳವೆಯಿಂದ ಉದುರುವ ತುಕ್ಕನ್ನು ತಡೆಯುವುದು ಅದೇ. ಎಡ ಕಪ್ಪನ್ನು ಆಟ ಹೋಗುವವರೆಗೆ ಬಿಗಿದು, ಅದು ತಿರುಗದಂತೆ ಹಿಡಿದುಕೊಂಡು ಲಾಕ್ ರಿಂಗ್ ಬಿಗಿಯಿರಿ. ಲಾಕ್ ರಿಂಗ್ ಬಿಗಿದಾಗ ಕಪ್ ಥ್ರೆಡ್ಡಿನ ಸಂದಿನಷ್ಟು ಹೊರಕ್ಕೆ ಸರಿಯುತ್ತದೆ, ಹೊಂದಿಸಿದ್ದು ಮತ್ತೆ ಸಡಿಲವಾಗುತ್ತದೆ. ಹಾಗಾಗಿ ಬಯಸಿದ್ದಕ್ಕಿಂತ ಒಂದಿಷ್ಟು ಬಿಗಿಯಾಗಿಯೇ ಇಟ್ಟು ಬಿಗಿಯಬೇಕು. ಮೊದಲ ಸಲಕ್ಕೆ ಸರಿಹೋಗುವುದಿಲ್ಲ. ನನಗೆ ಈಗಲೂ ಮೂರು ಸಲ ಬೇಕು.

ಕ್ರ್ಯಾಂಕ್ ಹಾಕುವಾಗ ಚೌಕ ತುದಿಗೆ ಸುತ್ತಿಗೆಯಿಂದ ಬಡಿಯಬೇಡಿ, ಬೋಲ್ಟೇ ಅದನ್ನು ಒಳಗೆಳೆಯುತ್ತದೆ. ಟೊಳ್ಳು ಆಕ್ಸಲ್ಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳ ಬಿಗಿಗಿಂತ ಹೆಚ್ಚು ಬಿಗಿದರೆ ಬೇರಿಂಗ್ ಅರೆದುಹೋಗುತ್ತದೆ. ತೋಳಿನ ಎರಡು ಬೋಲ್ಟುಗಳಿಗೆ 12ರಿಂದ 14 ನ್ಯೂಟನ್ ಮೀಟರ್, ಮತ್ತೆ ಒಂದಾದ ಮೇಲೊಂದರಂತೆ.

ಚೈನ್ ಹಾಕುವ ಮುಂಚೆ ಒಂದು ಕೈಯನ್ನು ಸೀಟಿನ ಮೇಲಿಟ್ಟು ಇನ್ನೊಂದರಿಂದ ಕ್ರ್ಯಾಂಕನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬೇರಿಂಗಿನ ಒರಟು ಫ್ರೇಮಿನ ಕೊಳವೆಯ ಮೂಲಕ ಸೀಟಿನವರೆಗೂ ಬರುತ್ತದೆ, ಅಂಗೈಗೆ ಮರಳಿನಂತೆ ತಾಗುತ್ತದೆ. ಏನೂ ತಾಗದಿದ್ದರೆ ಚೈನ್ ಏರಿಸಿ ಒಂದು ಸುತ್ತು ಹೋಗಿ ಬನ್ನಿ, ಬಂದಮೇಲೆ ಕ್ರ್ಯಾಂಕಿನ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಚೌಕ ತುದಿಯವಾದರೆ ಇನ್ನೂ ಸ್ವಲ್ಪ ತಿರುಗಬಹುದು.